ಉಪ್ಪು ಹೊತ್ತು ಅಘನಾಶಿನಿಯ ಮೇಲಕ್ಕೆ

ಸಾಣಿಕಟ್ಟೆಯ ಅಂಗಡಿಯೊಂದರಲ್ಲಿ ಒಂದು ಕಿಲೋ ಹರಳುಪ್ಪು ಕೊಂಡೆ. ನವೆಂಬರಿನ ಕೊನೆಯ ವಾರ. ಉಪ್ಪಿನಾಗರದಲ್ಲಿ ಇನ್ನೂ ನೀರು ನಿಂತಿತ್ತು. ಹೊಸ ಉಪ್ಪು ಕಾಣಬೇಕಾದರೆ ಸಂಕ್ರಾಂತಿ ಕಳೆದು ಬಿಸಿಲು ಬಲಿಯಬೇಕು. ಅಂಗಡಿಯಾಕೆ ಕೊಟ್ಟದ್ದು ಹಿಂದಿನ ಬೇಸಿಗೆಯದು. ತುಸು ಬೂದಿ ಬಣ್ಣ, ಮುಟ್ಟಿದರೆ ಕೈಗೆ ಪಸೆ. ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಸೈಕಲ್ಲಿನ ಹಿಂದಿನ ಚೀಲದ ತಳಕ್ಕೆ ಇಳಿಸಿದೆ. ಮರುದಿನ ರಾತ್ರಿ ಘಟ್ಟದ ಮೇಲೆ, ಹೆಗ್ಗರಣೆಯ ಕಡೆಯ ಒಂದು ತೋಟದ ಮನೆಯಲ್ಲಿ ನನ್ನ ವಸತಿ. ಬರುವಾಗ ಏನು ತರಲಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಆ ಮನೆಯ ಅಜ್ಜಿ ಹೇಳಿದ್ದು ಇದೊಂದೇ: "ಸಾಣಿಕಟ್ಟೆ ಉಪ್ಪು ಸಿಕ್ರೆ ತಗಂಬಾ ತಮಾ. ಮಿಡಿ ಹಾಕಲೆ ಅದೇ ಆಗವು."

ಉಪ್ಪಿನಕಾಯಿಗೆ ಹಾಕುವ ಎಳೆಮಾವು, ಅಪ್ಪೆಮಿಡಿಯ ಕಾಲಕ್ಕೆ ಇನ್ನೂ ಮೂರು ತಿಂಗಳಿತ್ತು. ಆದರೂ ಉಪ್ಪು ಮೊದಲೇ ಮನೆಗೆ ಬಂದು, ಭರಣಿಯಲ್ಲಿ ಕೂತು, ನೀರೊಡೆದು ಒಣಗಿರಬೇಕು ಎಂಬುದು ಅವರ ಲೆಕ್ಕ.

ನಾನು ಹುಟ್ಟಿ ಬೆಳೆದದ್ದು ನವಲಗುಂದದ ಕಡೆಯ ಎರೆಹೊಲಗಳ ನಡುವೆ. ಹೊಳೆ ಅಂದರೆ ದೂರದ ಮಾತು, ಕಾಡು ಅಂದರೆ ಜಾಲಿ. ಆದರೆ ಕುಮಟಾ ಎಂಬ ಹೆಸರು ಮಾತ್ರ ಚಿಕ್ಕಂದಿನಿಂದಲೂ ಕಿವಿಯ ಮೇಲಿತ್ತು. ಅಜ್ಜ ಹತ್ತಿಯ ತಳಿಗಳ ಹೆಸರು ಹೇಳುವಾಗ 'ಕುಮಟಾ ಹತ್ತಿ' ಅನ್ನುತ್ತಿದ್ದ. ಬಯಲಿನಲ್ಲಿ ಬೆಳೆಯುವ ಹತ್ತಿಗೆ ಕಡಲ ದಂಡೆಯ ಊರಿನ ಹೆಸರು ಯಾಕೆ ಎಂಬುದು ತಿಳಿದದ್ದು ಬಹಳ ತಡವಾಗಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಧಾರವಾಡದ ಹತ್ತಿಗೆ ಬೆಲೆ ಬಂತು. ಅದು ಹಡಗು ಹತ್ತುತ್ತಿದ್ದುದು ಕುಮಟೆಯಲ್ಲಿ. ಹಾಗಾಗಿ ಬಂದರಿನ ಹೆಸರೇ ಹತ್ತಿಗೆ ಅಂಟಿಕೊಂಡಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಬಂದರು ಮತ್ತು ಘಟ್ಟದ ರಸ್ತೆಗಳ ವಿಚಾರ ಇತ್ತು.

ಸೈಕಲ್ ತುಳಿಯುವವನಿಗೆ ಈ ಚರಿತ್ರೆ ಕಾಲಿಗೇ ತಿಳಿಯುತ್ತದೆ. ಹತ್ತಿಯ ಅಂಡಿಗೆ ಹೇರಿದ ಗಾಡಿ ಕಡಿದಾದ ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ಬರುವಾಗ ಉಪ್ಪು ತೆಂಗು ಹೇರಿಕೊಂಡು ಎತ್ತುಗಳು ನೇರ ಏರನ್ನು ಎಳೆಯುವುದಿಲ್ಲ. ಅದಕ್ಕಾಗಿ ಹಳೆಯ ಗಾಡಿರಸ್ತೆಗಳು ಗುಡ್ಡದ ಮೈಯನ್ನು ಬಳಸಿ ಬಳಸಿ, ಎತ್ತಿನ ಉಸಿರಿನ ಅಳತೆಗೆ ಏರುತ್ತವೆ. ಎತ್ತಿಗೆ ಸಾಧ್ಯವಾದದ್ದು ಮನುಷ್ಯನ ಕಾಲಿಗೂ ಸಾಧ್ಯ. ಇಂದು ಸಹ್ಯಾದ್ರಿಯಲ್ಲಿ ಸೈಕಲ್ಲಿಗೆ ಒಗ್ಗುವ ದಾರಿಗಳೆಲ್ಲ ಹೆಚ್ಚಾಗಿ ಹೀಗೆ ಎತ್ತುಗಳು ಒಪ್ಪಿದ ದಾರಿಗಳೇ.

ಈ ಸಲ ನಾನು ಹೊರಟದ್ದು ಹೊಳೆಗೆ ಎದುರಾಗಿ. ಅಘನಾಶಿನಿ ಕಡಲು ಸೇರುವ ತದಡಿಯಿಂದ ಅದು ಹುಟ್ಟುವ ಶಿರಸಿಯವರೆಗೆ. ಹೊಳೆಯ ಉದ್ದ ಸುಮಾರು 120 ಕಿ.ಮೀ.; ರಸ್ತೆ ಅದರ ಜೊತೆಗೇ ಹೋಗುವುದಿಲ್ಲ. ಎಷ್ಟೋ ಕಡೆ ಹೊಳೆ ಕಣಿವೆಯ ತಳದಲ್ಲಿ ಒಂದೇ ಹೋಗುತ್ತದೆ, ದಾರಿ ಮೇಲಿನ ಕಾಡಿನಲ್ಲಿ. ಆದರೂ ಅದು ಎಲ್ಲಿದೆ ಎಂದು ಮೂರೂ ದಿನ ನನಗೆ ಗೊತ್ತಿತ್ತು. ಹಳ್ಳಗಳೆಲ್ಲ ಯಾವ ಕಡೆ ಓಡುತ್ತಿವೆ ಎಂದು ನೋಡಿದರೆ ಸಾಕು.

ಮಿರ್ಜಾನಿನ ಚಿರೆಕಲ್ಲಿನ ಕೋಟೆಯನ್ನು ಬೆಳಿಗ್ಗೆಯೇ ನೋಡಿಕೊಂಡು, ಹೆದ್ದಾರಿ 66ರ ಅಂಚಿನಲ್ಲಿ ಟ್ಯಾಂಕರುಗಳ ಗಾಳಿಗೆ ಮೈಯೊಡ್ಡಿ ಮಾದನಗೇರಿಯವರೆಗೆ ಬಂದೆ. ಅದನ್ನು ಹೆಚ್ಚು ಹೇಳಬೇಕಾದದ್ದಿಲ್ಲ. ಗೋಕರ್ಣದ ದಾರಿಗೆ ತಿರುಗಿ ಸಾಣಿಕಟ್ಟೆ, ಅಲ್ಲಿಂದ ತದಡಿ. ಬಂದರಿನಲ್ಲಿ ಮೀನಿನ ದೋಣಿಗಳ ನಡುವೆ ಅಘನಾಶಿನಿ ಊರಿಗೆ ದಾಟಿಸುವ ದೋಣಿ ನಿಂತಿತ್ತು. ಹೊಳೆಗೂ ಅದರ ದಕ್ಷಿಣ ದಡದ ಊರಿಗೂ ಒಂದೇ ಹೆಸರು. ಸೈಕಲ್ಲನ್ನು ಮೀನುಬುಟ್ಟಿಗಳ ಪಕ್ಕ ಒರಗಿಸಿದೆ. "ಇದ್ರ ಮೇಲೆ ಘಟ್ಟ ಹತ್ತೂಕೆ ಆಗ್ತದಾ?" ಎಂದು ದೋಣಿಯವರು ಕೇಳಿದರು. ನಿಧಾನ ಹೋದರೆ ಆಗುತ್ತದೆ ಎಂದೆ. "ನಿಧಾನ ಹೋದ್ರೆ ಎಲ್ಲಾ ಆಗ್ತದೆ," ಎಂದು ಎಂಜಿನ್ನು ಚಾಲೂ ಮಾಡಿದರು.

ಇಳಿತದ ಹೊತ್ತು. ಅಳಿವೆಯ ನಡುವೆ ದಿಬ್ಬಗಳು ಬೆನ್ನು ತೋರಿಸಿದ್ದವು. ಹೆಂಗಸರು, ಗಂಡಸರು ಸೊಂಟಮಟ್ಟ ನೀರಿನಲ್ಲಿ ಬಾಗಿ ಬಳಚು ಹೆಕ್ಕುತ್ತಿದ್ದರು. ಈ ಅಳಿವೆಯ ಚಿಪ್ಪುಮೀನು ಸುತ್ತಲಿನ ಊರುಗಳ ಸಾವಿರಾರು ಜನರಿಗೆ ಅನ್ನ. ಬೆಟ್ಟದ ಎಲೆಗೊಬ್ಬರದ ಸಾರ ಹೊತ್ತ ಸಿಹಿನೀರು ಅಡ್ಡಿಯಿಲ್ಲದೆ ಇಳಿದು ಬಂದು ಉಪ್ಪುನೀರಿನ ಜೊತೆ ಬೆರೆಯುವುದರಿಂದಲೇ ಇಲ್ಲಿ ಇಷ್ಟು ಬಳಚು, ಸಿಗಡಿ, ಕಾಂಡ್ಲಾ ಗಿಡ. ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರಿನಲ್ಲಿ ನಿಂತು ತೆನೆ ಬಿಡುವ ಭತ್ತ ಅದು. ಗೊಬ್ಬರ ಬೇಡ, ಔಷಧ ಬೇಡ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟುಕೊಂಡು ಮೀನು ಹಿಡಿಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗುಭೂಮಿಗಳಲ್ಲಿ ಇದೂ ಒಂದು ಎಂಬ ಮನ್ನಣೆ ಅದು.

ದೋಣಿಯಿಳಿದು ಕಾಗಾಲ, ಬಾಡದ ಕಡೆಯ ಸಣ್ಣ ದಾರಿಗಳಲ್ಲಿ ಕುಮಟೆಗೆ ಬಂದು ರಾತ್ರಿ ಕಳೆದೆ.

ಬೆಳಿಗ್ಗೆ ಐದೂವರೆಗೆ ಹೊರಟಾಗ ಇನ್ನೂ ಕತ್ತಲು. ಘಟ್ಟ ಹತ್ತಲು ಕುಮಟೆಯಿಂದ ಎರಡು ದಾರಿ. ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋಗುವುದು ಹತ್ತಿಯ ಗಾಡಿಗಳ ಹೆಸರಾಂತ ದಾರಿ. ಈಗ ಅದು ಹೆದ್ದಾರಿ 766ಇ. ಅಗಲ ಮಾಡುವ ಕೆಲಸದಲ್ಲಿ ಗುಡ್ಡ ಕಡಿದು, ಮರ ಉರುಳಿಸಿ, ಕೆಂಪು ಧರೆಗಳನ್ನು ನಿಲ್ಲಿಸಿದ್ದಾರೆ. ಇನ್ನೊಂದು ಸಂತೇಗುಳಿಯ ಮೇಲೆ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಹೋಗುವ ಕಿರಿದಾದ ದಾರಿ. ನಾನು ಎರಡನೆಯದನ್ನು ಹಿಡಿದೆ.

ಸಂತೇಗುಳಿ ದಾಟುವವರೆಗೆ ತೆಂಗು, ಅಡಿಕೆ, ಗದ್ದೆ, ಶಾಲೆ, ಕಟ್ಟೆಯ ಮೇಲೆ ಕೂತು ಬಸ್ಸಿಗೆ ಕಾಯುವವರು. ಆಮೇಲೆ ಮನೆಗಳು ತೆಳುವಾಗುತ್ತವೆ. ಒಂದು ತಿರುವಿನಲ್ಲಿ ಗಾಳಿ ಬದಲಾಗುತ್ತದೆ. ಬೆವರಿದ ಮೈಗೆ ಅದು ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಕಾಡು ಎರಡೂ ಕಡೆಯಿಂದ ಬಾಗಿ ರಸ್ತೆಯ ಮೇಲೆ ಕೂಡಿಕೊಂಡಿತ್ತು. ಡಾಂಬರಿನ ನಡುವೆ ಪಾಚಿಯ ಗೆರೆ, ಅಂಚಿನಲ್ಲಿ ಒದ್ದೆ ತರಗೆಲೆ. ಬಸ್ಸು ಬಂದರೆ ಒಂದು ಕಾಲನ್ನು ಮಣ್ಣಿಗೆ ಇಳಿಸಿ ನಿಲ್ಲಬೇಕು, ಅಷ್ಟೇ ಅಗಲ. ಆ ಬೆಳಿಗ್ಗೆ ಘಟ್ಟದ ಬುಡದಿಂದ ತಲೆಯವರೆಗೆ ನನಗೆ ಸಿಕ್ಕಿದ್ದು ಒಂದು ಬಸ್ಸು, ಎರಡು ಜೀಪು, ನಾಲ್ಕೈದು ಬೈಕು.

ಸಣ್ಣ ಗೇರಿಗೆ ಹಾಕಿದೆ. ಗಂಟೆಗೆ ಆರೇಳು ಕಿ.ಮೀ.; ಜೋರಾಗಿ ನಡೆಯುವವರು ನನ್ನ ಜೊತೆಗೇ ಬರಬಹುದು. ಈ ವೇಗದಲ್ಲಿ ಕಾಡು ಹೆದರುವುದಿಲ್ಲ. ಎಂಜಿನ್ನಿನ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ, ಎಣ್ಣೆ ಕುಡಿದ ಚೈನಿನ ಮೆಲುದನಿ ಮಾತ್ರ. ಕೆಂಚಳಿಲೊಂದು ಕೊಂಬೆಯ ಮೇಲೆ ಕಾಯಿ ಬಿಡಿಸುತ್ತ ನನ್ನನ್ನು ನೋಡಿ, ಮತ್ತೆ ಕಾಯಿಗೆ ಮರಳಿತು. ಮೇಲೆ ಮಂಗಟ್ಟೆಗಳೆರಡು ಹಾರಿದಾಗ ರೆಕ್ಕೆಯ ಸದ್ದು ಒಣ ಬಟ್ಟೆ ಝಾಡಿಸಿದ ಹಾಗೆ ಕೇಳಿತು. ಪ್ರತಿ ತಿರುವಿನ ಒಳಮಡಿಕೆಯಲ್ಲೂ ಒಂದು ಮೋರಿ, ಮೋರಿಯ ಕೆಳಗೆ ನೀರು. ತಿರುವಿನ ಹೊರಮೈಗೆ ಬಂದರೆ ಆ ಸದ್ದು ನಿಲ್ಲುತ್ತದೆ, ಮುಂದಿನ ಮಡಿಕೆಯಲ್ಲಿ ಮತ್ತೊಂದು ಸದ್ದು ಹುಟ್ಟುತ್ತದೆ. ಹೀಗೆ ಹತ್ತುವಾಗ ಇಡೀ ಘಟ್ಟ ಕಿವಿಗೆ ಒಂದು ಲಯವಾಗಿ ಬರುತ್ತದೆ: ನೀರು, ಮೌನ, ನೀರು, ಮೌನ. ಕಾರಿನಲ್ಲಿ ಇದೇ ಘಟ್ಟವನ್ನು ನಾನು ಎರಡು ಸಲ ಹತ್ತಿದ್ದೇನೆ. ಅದರ ನೆನಪು ಒಂದೂ ಉಳಿದಿಲ್ಲ.

ಅರ್ಧ ಘಟ್ಟದಲ್ಲಿ ಮುಂಗಾಲಿಯ ಗಾಳಿ ಹೋಯಿತು. ಮೋರಿಯ ಕಟ್ಟೆಯ ಮೇಲೆ ಕೂತು ಟಯರು ಬಿಡಿಸಿ ತಡಕಿದರೆ ಕೂದಲೆಳೆಯಂಥ ಒಂದು ಮುಳ್ಳು. ಹೊಸ ಟ್ಯೂಬು ಹಾಕಿ ಪಂಪು ಹೊಡೆಯುತ್ತಿದ್ದಾಗ ಕೆಳಗಿನ ಕಣಿವೆಯಿಂದ ಮೆಲ್ಲಗೆ 'ಕೂ' ಎಂಬ ಕೂಗು ಕೇಳಿತು, ಮನುಷ್ಯರು ಕರೆದ ಹಾಗೆ. ಪಂಪು ನಿಲ್ಲಿಸಿದೆ. ಕೊಂಬೆಗಳು ಸಾಲಾಗಿ ತೂಗಿದವು. ಎಲೆಯ ಎಡೆಯಲ್ಲಿ ಒಂದು ಕಪ್ಪು ಮೈ, ಜೋತುಬಿದ್ದ ಬಾಲ, ಬಾಲದ ತುದಿಯಲ್ಲಿ ಕುಚ್ಚು. ಮೂರು ಎಣಿಸುವಷ್ಟು ಹೊತ್ತು ಅಷ್ಟೇ. ಮುಖವನ್ನು ನಾನು ನೋಡಲಿಲ್ಲ.

ಅದು ಸಿಂಗಳೀಕ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ. ಅದರ ನೆಲೆಯ ಬಡಗಣ ಅಂಚು ಈ ಅಘನಾಶಿನಿ ಕಣಿವೆ. ನೆಲಕ್ಕೆ ಇಳಿಯುವುದು ಅಪರೂಪ, ಮರದಿಂದ ಮರಕ್ಕೇ ಅದರ ಸಂಸಾರ. ಹಾಗಾಗಿ ಮೇಲಿನ ಹಸಿರು ಚಪ್ಪರ ಕಡಿಯದೆ ಇರಬೇಕು. ರಸ್ತೆ ಕಿರಿದಾಗಿದ್ದರೆ ಎರಡೂ ಕಡೆಯ ಕೊಂಬೆಗಳು ಕೂಡುತ್ತವೆ, ಅದು ದಾಟುತ್ತದೆ. ರಸ್ತೆ ಅಗಲವಾದರೆ ಒಂದು ಗುಂಪು ಆಚೆ ಉಳಿಯುತ್ತದೆ, ಒಂದು ಈಚೆ. 2011ರಲ್ಲಿ ಈ ಕಣಿವೆಯನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನಾನು ಟ್ಯೂಬು ಬದಲಿಸಲು ಕೂತ ಜಾಗದಲ್ಲಿ ಕೈಚಾಚಿದರೆ ಎರಡೂ ಬದಿಯ ಕಾಡನ್ನು ಮುಟ್ಟಬಹುದೇನೋ ಎಂಬಷ್ಟು ಹತ್ತಿರ ಇತ್ತು.

ಹನ್ನೊಂದರ ಸುಮಾರಿಗೆ ದೊಡ್ಮನೆ. ರಾಮಕೃಷ್ಣ ಹೆಗಡೆಯವರ ಊರು ಎಂದು ಕರ್ನಾಟಕಕ್ಕೆಲ್ಲ ಗೊತ್ತಿರುವ ಹೆಸರು. ಘಟ್ಟದ ಮೇಲಿನ ನೆಲ ಬೇರೆಯೇ ಲೋಕ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ಮೇಲ್ಮಗ್ಗುಲಿನಲ್ಲಿ ಮನೆ, ಮನೆಯ ಹಿಂದೆ ಬೆಟ್ಟ. ಇಲ್ಲಿ ಬೆಟ್ಟ ಅಂದರೆ ಗುಡ್ಡ ಎಂದಷ್ಟೇ ಅರ್ಥವಲ್ಲ. ತೋಟಕ್ಕೆ ಸೊಪ್ಪು ತರಲು ಬ್ರಿಟಿಷರ ಕಾಲದಿಂದ ರೈತರಿಗೆ ಬಿಟ್ಟುಕೊಟ್ಟ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ಒಂದು ಹಸಿರಿನ ಹಿಂದೆ ಒಂಬತ್ತು ಹಸಿರು ನಿಂತಿರಬೇಕು ಎಂಬ ಲೆಕ್ಕ ಅದು. ಎಲ್ಲರ ಬೆಟ್ಟವೂ ಚೆನ್ನಾಗಿ ಉಳಿದಿಲ್ಲ, ಬೋಳಾದವೂ ಇವೆ. ಆದರೆ ಚೆನ್ನಾಗಿ ಉಳಿದ ಕಡೆ ತೋಟದ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ.

ಮುಂದೆ ಒಳದಾರಿಗಳು. ಫೋನಿಗೆ ಸಿಗ್ನಲ್ ಇಲ್ಲ, ಕೈಮರವೂ ಇಲ್ಲ. ಕೇಳಿಕೊಂಡು ಕೇಳಿಕೊಂಡು ಹೋಗಬೇಕು, ಕೇಳಿದಲ್ಲೆಲ್ಲ ಕುಡಿಯಲು ಏನಾದರೂ ಕೊಡುತ್ತಾರೆ. "ಆಸ್ರಿಗೆ ಎಂತ ಅಡ್ಡಿಲ್ಲೆ?" ಎಂಬುದು ಇಲ್ಲಿ ಬಂದವರಿಗೆ ಹಾಕುವ ಮೊದಲ ಪ್ರಶ್ನೆ. ಒಂದು ಮನೆಯಲ್ಲಿ ಮಜ್ಜಿಗೆ, ಇನ್ನೊಂದರಲ್ಲಿ ಮುರುಗಲ ಪಾನಕ. ಅಂಗಳದಲ್ಲಿ ಅಡಿಕೆ ಸುಲಿಯುವವರ ಸಾಲು, ಚಪ್ಪರದ ಮೇಲೆ ಹರಡಿದ ಅಡಿಕೆ. ಬೇಯಿಸಿದ ಅಡಿಕೆಯ ಒಗರು ವಾಸನೆ ದಾರಿಯುದ್ದಕ್ಕೂ.

ತೋಟದ ಮನೆ ಸೇರಿದಾಗ ಸಂಜೆ ನಾಲ್ಕೂವರೆ. ಅಜ್ಜಿ ಉಪ್ಪಿನ ಚೀಲ ಬಿಚ್ಚಿ, ಒಂದು ಹರಳು ನಾಲಿಗೆಗೆ ಇಟ್ಟು ನೋಡಿ, ಏನೂ ಹೇಳದೆ ಒಳಗೆ ತೆಗೆದುಕೊಂಡು ಹೋದರು. ಊಟಕ್ಕೆ ಹಿಂದಿನ ವರ್ಷದ ಮಿಡಿ ಬಂತು. ಹೊಳೆಯಂಚಿನ ಕಾಡುಮಾವಿನ ಮರದ್ದು. ಆ ಮರಕ್ಕೂ ಹೊಳೆಗೂ ಸಂಬಂಧವಿದೆ, ದಂಡೆ ಬಿಟ್ಟು ಮೇಲೆ ನೆಟ್ಟರೆ ಈ ಪರಿಮಳ ಬರುವುದಿಲ್ಲ ಎಂದರು. ಕಡಲ ಉಪ್ಪು, ಹೊಳೆಯ ಮಾವು. ಅಘನಾಶಿನಿಯ ಎರಡು ತುದಿಗಳು ಒಂದು ಭರಣಿಯಲ್ಲಿ ಸೇರುತ್ತವೆ.

ಊಟದ ನಂತರ ಜಗುಲಿಯಲ್ಲಿ ಕವಳ ಹಾಕುತ್ತಾ ಮನೆಯ ಯಜಮಾನರ ಜೊತೆ ಮಾತು. ನಿಮ್ಮ ದಾರಿಗಳು ಎಷ್ಟು ಶಾಂತ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಂತ ಅಂದ್ರೆ ತನ್ನಷ್ಟಕ್ಕೆ ಉಳ್ದದ್ದಲ್ಲ," ಎಂದರು.

ಅದು ನಿಜ. ಇದೇ ಜಿಲ್ಲೆಯ ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು, ದಂಡೆಯಲ್ಲಿ ಕೈಗಾ ಅಣುಸ್ಥಾವರ ಬಂತು. ದಕ್ಷಿಣದ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ. ಅಣೆಕಟ್ಟು ಒಂದೇ ಬರುವುದಿಲ್ಲ. ಜೊತೆಗೆ ಭಾರಿ ಲಾರಿಯ ರಸ್ತೆ, ತಂತಿಯ ಕಂಬಗಳಿಗೆ ಕಾಡಿನಲ್ಲಿ ಸೀಳಿದ ದಾರಿ, ಕಾಲೊನಿ, ಮುಳುಗಿದ ಊರುಗಳು, ಮನೆ ಬಿಟ್ಟವರ ಮೂರು ತಲೆಮಾರಿನ ಅಲೆದಾಟ. ಅವೆರಡರ ನಡುವಿನ ಅಘನಾಶಿನಿಗೆ ಮಾತ್ರ ಹುಟ್ಟಿನಿಂದ ಕಡಲವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಇದು ಯಾರೂ ಕಣ್ಣು ಹಾಕದೆ ಉಳಿದ ಹೊಳೆಯಲ್ಲ. ತದಡಿಯಲ್ಲಿ 4000 ಮೆಗಾವ್ಯಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಅಳಿವೆಯ ಮೀನುಗಾರರಿಂದ ಘಟ್ಟದ ತೋಟಿಗರವರೆಗೆ ಜನ ಬೇಡ ಎಂದರು. ಅದಕ್ಕೂ ಹಿಂದೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ, ಕೊಡಲಿ ಬೀಳಬೇಕಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಪಾಂಡುರಂಗ ಹೆಗಡೆಯವರು ಅದನ್ನು ಊರಿಂದೂರಿಗೆ ಒಯ್ದರು. ಈಗ ಇದೇ ಹೊಳೆಯ ನೀರನ್ನು ಬಯಲಿನ ವೇದಾವತಿಗೆ ತಿರುಗಿಸುವ ಯೋಜನೆಯ ಮಾತು ನಡೆದಿದೆ. ನಾನು ಬಯಲಿನವನು, ನೀರಿನ ಬರ ಏನೆಂದು ಬಲ್ಲೆ. ಆದರೂ ಈ ಹೊಳೆಯನ್ನು ತಿರುಗಿಸಬಾರದು ಎಂದೇ ನನ್ನ ಮನಸ್ಸು ಹೇಳುತ್ತದೆ. ಅಳಿವೆಯಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತವರ ಬಳಚು ಈ ನೀರಿನಿಂದಲೇ ಹುಟ್ಟುತ್ತದೆ.

ಯಜಮಾನರು ಇನ್ನೊಂದು ಮಾತನ್ನೂ ಹೇಳಿದರು. ಆ ವರ್ಷದ ಮಳೆಗಾಲದಲ್ಲಿ ಧರೆ ಕುಸಿದು ದಾರಿ ಮುಚ್ಚಿದಾಗ, ಪಕ್ಕದ ಊರಿನ ಬಸುರಿಯೊಬ್ಬಳನ್ನು ಕಂಬಳಿಯಲ್ಲಿ ಹೊತ್ತು ಹಳ್ಳದ ಕಾಲುಸಂಕ ದಾಟಿಸಿದ್ದರು. "ನಿಮ್ಗೆ ಸೈಕಲ್ ಹೊಡೆಯಲೆ ಚಂದ, ನಮ್ಗೆ ಆಸ್ಪತ್ರೆಗೆ ದಾರಿ ಬೇಕಲ ಮಾರಾಯ್ರೆ." ಅದಕ್ಕೆ ನನ್ನಲ್ಲಿ ಎದುರು ಮಾತಿರಲಿಲ್ಲ. ಅಗಲವಾದ ರಸ್ತೆ ಬೇಕೇ ಎಂದು ಕೇಳಿದೆ. "ಅಗಲ ಎಂತಕ್ಕೆ? ಕುಸಿಯದಿದ್ರೆ ಸಾಕು. ಧರೆ ಕಡಿದಷ್ಟೂ ಕುಸೀತದೆ," ಎಂದರು.

ಮರುದಿನ ಬೆಳಗಿನ ಚಳಿಯಲ್ಲಿ ಉಂಚಳ್ಳಿ ಅಬ್ಬಿ. ಹೊಳೆ 116 ಮೀಟರ್ ಧುಮುಕುವ ಜಾಗ. ಊರಿನವರ ಬಾಯಲ್ಲಿ ಇದು ಕೆಪ್ಪ ಜೋಗ, ಹತ್ತಿರ ನಿಂತರೆ ಕಿವಿ ಕೆಪ್ಪಾಗುವ ಸದ್ದು. 1845ರಲ್ಲಿ ಇದನ್ನು ಕಂಡ ಲಷಿಂಗ್ಟನ್ ಎಂಬ ಕಲೆಕ್ಟರನ ಹೆಸರಿನಲ್ಲಿಯೂ ಕೆಲವರು ಕರೆಯುತ್ತಾರೆ. ಕೆಪ್ಪ ಜೋಗವೇ ಸರಿಯಾದ ಹೆಸರು. ಶರಾವತಿಯ ಜೋಗದ ನೀರು ಅಣೆಕಟ್ಟಿನ ಬಾಗಿಲಿಗೆ ಕಾಯಬೇಕು. ಇಲ್ಲಿಯದು ಯಾರನ್ನೂ ಕೇಳದೆ ಬೀಳುತ್ತದೆ. ನಿನ್ನೆ ನಾನು ಒಂದಿಡೀ ಬೆಳಿಗ್ಗೆ ಹತ್ತಿದ ಎತ್ತರದ ಕಾಲು ಭಾಗವನ್ನು ಅದು ಒಂದೇ ಹೆಜ್ಜೆಯಲ್ಲಿ ಇಳಿಯುತ್ತಿತ್ತು. ಕೆಳಗೆ ಕಣಿವೆಯಲ್ಲಿ ಮಂಜು. ಅದರಾಚೆ ಎಲ್ಲೋ ಬಳಚಿನ ದಿಬ್ಬಗಳು.

ಉಳಿದದ್ದು ಶಿರಸಿಗೆ ಏರಿಳಿತದ ದಾರಿ. ಪ್ರತಿ ಇಳಿತದ ತಳದಲ್ಲೂ ಒಂದು ಹಳ್ಳ, ಪ್ರತಿ ಹಳ್ಳವೂ ಹಿಂದಿನದಕ್ಕಿಂತ ಸಣ್ಣದು. ಮೊದಲು ಸೇತುವೆ, ಆಮೇಲೆ ಮೋರಿ, ಆಮೇಲೆ ಗದ್ದೆಯ ಬದಿಯ ಕಾಲುವೆ. ಮಧ್ಯಾಹ್ನದ ಹೊತ್ತಿಗೆ ಪೇಟೆಯ ಸದ್ದು ಶುರುವಾಯಿತು. ಅಘನಾಶಿನಿಯ ಒಂದು ಕವಲು ಮಂಜುಗುಣಿಯಲ್ಲಿ ಹುಟ್ಟುತ್ತದೆ. ಇನ್ನೊಂದರ ಮೂಲ ಶಿರಸಿಯ ಶಂಕರಹೊಂಡ ಎನ್ನುತ್ತಾರೆ. ಹೊಂಡದ ಮೆಟ್ಟಿಲ ಬಳಿ ಸೈಕಲ್ ನಿಲ್ಲಿಸಿ ಕೈಕಾಲು ಮುಖ ತೊಳೆದೆ. ಹಿಂದಿನ ಚೀಲದ ತಳ ಉಪ್ಪಿನ ಪಸೆಯಿಂದ ಇನ್ನೂ ಒದ್ದೆಯಿತ್ತು.

ಈ ದಾರಿಯಲ್ಲಿ ಹೋಗುವ ಮನಸ್ಸಿರುವವರು ಮಳೆ ಪೂರ್ತಿ ಹಿಂದಾದ ಮೇಲೆ, ನವೆಂಬರಿನ ನಡುವಿನಿಂದ ಫೆಬ್ರುವರಿಯವರೆಗೆ ಹೋಗಿ. ಎರಡು ಟ್ಯೂಬು ಜೊತೆಯಲ್ಲಿರಲಿ, ಬೆಳಕು ಹರಿಯುವ ಮೊದಲೇ ಕುಮಟೆ ಬಿಡಿ, ಯಾರ ಮನೆಯಲ್ಲಾದರೂ ಆಸರಿಗೆ ಕೇಳಿದರೆ ಇಳಿದು ಕೂತು ಕುಡಿಯಿರಿ. ರಸ್ತೆಯ ಬಗ್ಗೆ ನಿರ್ಧಾರ ಮಾಡುವ ಕೈಗಳಿಗೆ ಒಂದು ಬಿನ್ನಹ. ದೊಡ್ಮನೆ ಘಟ್ಟದ ಹೊಂಡಗಳನ್ನು ಮುಚ್ಚಿ, ಮೋರಿಗಳನ್ನು ಭದ್ರ ಮಾಡಿ, ಕುಸಿಯುವ ಧರೆಗಳಿಗೆ ಕಲ್ಲಿನ ಆಸರೆ ಕೊಡಿ, ಆಂಬುಲೆನ್ಸು ಮಳೆಗಾಲದಲ್ಲೂ ಬರುವಂತೆ ನೋಡಿಕೊಳ್ಳಿ. ರಸ್ತೆಯ ಅಗಲ ಈಗಿರುವಷ್ಟೇ ಇರಲಿ. ಮೇಲೆ ಕೊಂಬೆಗಳು ಕೂಡುವ ಜಾಗದಲ್ಲಿ ದಿನವೂ ದಾಟುವವರಿದ್ದಾರೆ.